ಕಾಯುತ್ತ ನಿಲ್ಲದೆ ಕಂಟೇನರ್‌ಗಳನ್ನು ಕಾಯುವ ಬಗೆ

ಕೊಡಗಿನ ಕಾಫಿ ತೋಟಗಳನ್ನು ಬಲ್ಲವರಿಗೆ ಲೈನ್‌ಮನೆಗಳ ಪರಿಚಯ ಹೇಳಬೇಕಿಲ್ಲ. ಉದ್ದನೆಯ ಒಂದೇ ಕಟ್ಟಡ, ಒಂದೇ ತಳಪಾಯ, ಒಂದೇ ಸೂರು. ಒಳಗೆ ಅಡ್ಡಗೋಡೆಗಳಿಂದ ಬೇರ್ಪಟ್ಟ ಸಾಲು ಮನೆಗಳು. ಪ್ರತಿ ಸಂಸಾರಕ್ಕೂ ತನ್ನದೇ ಬಾಗಿಲು, ತನ್ನದೇ ಒಲೆ. ತಂತ್ರಾಂಶ ಲೋಕದಲ್ಲಿ ‘ಕಂಟೇನರ್’ ಎಂದು ಕರೆಯಲಾಗುವ ಏರ್ಪಾಡು ಹೆಚ್ಚುಕಡಿಮೆ ಇದೇ ಬಗೆಯದು. ಒಂದು ಗಣಕಯಂತ್ರ, ಅದರಲ್ಲಿ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ಒಂದೇ ಕರ್ನೆಲ್, ಅದರ ಆಸರೆಯಲ್ಲಿ ಒಂದನ್ನೊಂದು ಕಾಣದಂತೆ ನಡೆಯುವ ಹಲವು ತಂತ್ರಾಂಶಗಳು. ಪ್ರತಿಯೊಂದಕ್ಕೂ ತನ್ನದೇ ಕಡತಗಳು, ತನ್ನದೇ ಜಾಲ ವಿಳಾಸ, ಬಳಸಬಹುದಾದ ಸ್ಮರಣೆಗೆ ತನ್ನದೇ ಮಿತಿ.

ಇದಕ್ಕಿಂತ ಹಳೆಯದಾದ ‘ವರ್ಚುವಲ್ ಮಷೀನ್’ ಪದ್ಧತಿಯನ್ನು ಪ್ರತ್ಯೇಕ ಮನೆಗೆ ಹೋಲಿಸಬಹುದು. ಅಲ್ಲಿ ಪ್ರತಿಯೊಂದಕ್ಕೂ ಪೂರ್ಣ ಕಾರ್ಯಾಚರಣ ವ್ಯವಸ್ಥೆಯನ್ನೇ ಹೊಸದಾಗಿ ನಿಲ್ಲಿಸಬೇಕು. ಖರ್ಚು ಹೆಚ್ಚು, ಭದ್ರತೆಯೂ ಹೆಚ್ಚು. ಲೈನ್‌ಮನೆಯಲ್ಲಿ ಸೂರು ಸೋರಿದರೆ ಎಲ್ಲರ ಮನೆಯೂ ನೆನೆಯುವಂತೆ, ಕಂಟೇನರ್‌ಗಳಲ್ಲಿ ಕರ್ನೆಲ್ ಕೆಟ್ಟರೆ ಎಲ್ಲವೂ ಒಟ್ಟಿಗೆ ಕೆಡುತ್ತವೆ.

ಕಲ್ಪನೆ ಹೊಸದಲ್ಲ. ಯುನಿಕ್ಸ್‌ನ ಏಳನೆಯ ಆವೃತ್ತಿಯಲ್ಲಿ, 1979ರಷ್ಟು ಹಿಂದೆಯೇ, ತಂತ್ರಾಂಶವೊಂದಕ್ಕೆ ಕಡತಗಳ ಒಂದು ಭಾಗವನ್ನಷ್ಟೇ ತೋರಿಸುವ ‘ಸಿಎಚ್-ರೂಟ್’ ಸೌಲಭ್ಯವಿತ್ತು. 2000ದಲ್ಲಿ ಫ್ರೀಬಿಎಸ್‌ಡಿ ‘ಜೈಲ್’ ಬಂದಿತು. ಗೂಗಲ್ ಎಂಜಿನಿಯರುಗಳು 2006ರಲ್ಲಿ ಆರಂಭಿಸಿದ ‘ಸಿ-ಗ್ರೂಪ್ಸ್’ ಕೆಲಸವು 2008ರಲ್ಲಿ ಲಿನಕ್ಸ್ ಕರ್ನೆಲ್‌ಗೆ ಸೇರ್ಪಡೆಯಾಯಿತು. ಆದರೆ ಇವೆಲ್ಲ ತಜ್ಞರ ಕೈಯಲ್ಲೇ ಉಳಿದಿದ್ದವು. ಡಾಟ್‌ಕ್ಲೌಡ್ ಸಂಸ್ಥೆಯ ಸಾಲೊಮನ್ ಹೈಕ್ಸ್ ಅವರು 2013ರ ಮಾರ್ಚ್‌ನಲ್ಲಿ ಅಮೆರಿಕದ ಪೈಥಾನ್ ಸಮ್ಮೇಳನದಲ್ಲಿ ಐದು ನಿಮಿಷಗಳ ಪುಟ್ಟ ಭಾಷಣದಲ್ಲಿ ‘ಡಾಕರ್’ ಅನ್ನು ಪ್ರದರ್ಶಿಸಿದ ಬಳಿಕವೇ ಸಾಮಾನ್ಯ ತಂತ್ರಾಂಶಗಾರರೂ ಇದನ್ನು ಕೈಗೆತ್ತಿಕೊಂಡದ್ದು.

ಮಳೆ ಲೆಕ್ಕದ ಒಂದು ಉದಾಹರಣೆ

ಈ ಲೇಖನದ ವಿಷಯ ಕಂಟೇನರ್ ಎಂದರೇನು ಎಂಬುದಕ್ಕಿಂತ, ಹತ್ತಾರು ಕಂಟೇನರ್‌ಗಳನ್ನು ಒಂದು ಚಿಕ್ಕ ತಂತ್ರಾಂಶದ ಮೂಲಕ ನೋಡಿಕೊಳ್ಳುವುದು ಹೇಗೆ ಎಂಬುದು. ಅದಕ್ಕೆ ಕೊಡಗಿನಿಂದಲೇ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ.

ಕಾಫಿ ಬೆಳೆಗಾರರು ಮಳೆಯನ್ನು ಇಂದಿಗೂ ಇಂಚು ಮತ್ತು ಸೆಂಟುಗಳಲ್ಲಿ ಬರೆದಿಡುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಹೂಮಳೆ ಎಷ್ಟು ಸೆಂಟು ಬಿತ್ತು ಎಂಬುದರ ಮೇಲೆ ಇಡೀ ವರ್ಷದ ಫಸಲಿನ ಲೆಕ್ಕಾಚಾರ ನಿಂತಿರುತ್ತದೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಲಿನ ಬೆಟ್ಟಗಳು ಕುಸಿದ ಮೇಲೆ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬಳಿ ಬೆಟ್ಟ ಜಾರಿದ ಮೇಲೆ, ಮಳೆ ಲೆಕ್ಕ ಫಸಲಿಗಷ್ಟೇ ಸಂಬಂಧಿಸಿದ್ದಾಗಿ ಉಳಿದಿಲ್ಲ. ಸರ್ಕಾರದ ಕಡೆಯಿಂದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿ 15 ನಿಮಿಷಗಳಿಗೊಮ್ಮೆ ಮಾಹಿತಿ ಪಡೆಯುತ್ತದೆ.

ಇನ್ನು ನಮ್ಮ ಕಲ್ಪನೆ. ಜಿಲ್ಲೆಯ ಐದು ತಾಲ್ಲೂಕುಗಳಲ್ಲಿರುವ ಕೆಲವು ಬೆಳೆಗಾರರು ಸೇರಿ ತಮ್ಮ ತೋಟಗಳಲ್ಲಿ ಇಪ್ಪತ್ತು ಮಳೆಮಾಪಕಗಳನ್ನು ಇಟ್ಟಿದ್ದಾರೆ ಎಂದುಕೊಳ್ಳಿ. ಎಲ್ಲವೂ ಒಂದೇ ತಯಾರಕರದ್ದಲ್ಲ. ಒಂದರ ಮಾಹಿತಿ ಓದಲು ಪೈಥಾನ್‌ನ ಹಳೆಯ ಆವೃತ್ತಿ ಬೇಕು, ಇನ್ನೊಂದಕ್ಕೆ ಹೊಸದು. ಎರಡನ್ನೂ ಒಂದೇ ಕಡೆ ಇಟ್ಟರೆ ಜಗಳ. ಆದ್ದರಿಂದ ಮಡಿಕೇರಿಯ ಮನೆಯೊಂದರಲ್ಲಿರುವ ಗಣಕದಲ್ಲಿ ಮಾಪಕಕ್ಕೊಂದರಂತೆ ಇಪ್ಪತ್ತು ಕಂಟೇನರ್‌ಗಳು. ಕಂಟೇನರ್ ಪದ್ಧತಿ ನಿಜಕ್ಕೂ ಉಪಯೋಗಕ್ಕೆ ಬರುವುದು ಇಂಥಲ್ಲಿ. ಎಲ್ಲಕ್ಕೂ ಒಂದೇ ತಂತ್ರಾಂಶ ಸಾಕಾಗುವಲ್ಲಿ ಕಂಟೇನರ್ ಕಟ್ಟುವುದು ಅನಗತ್ಯ ಆಡಂಬರ.

ಇಂಥ ವ್ಯವಸ್ಥೆಯಲ್ಲಿ ಭಯಪಡಬೇಕಾದದ್ದು ಎದ್ದು ಕಾಣುವ ವೈಫಲ್ಯಕ್ಕಲ್ಲ. ಒಂದು ಕಂಟೇನರ್ ಸದ್ದಿಲ್ಲದೆ ಸ್ಥಗಿತಗೊಂಡಿತು. ಪಟ್ಟಿಯಲ್ಲಿ ಆ ತೋಟದ ಮುಂದೆ ಏನೂ ಬರಲಿಲ್ಲ. ಒಟ್ಟು ಲೆಕ್ಕ ಹಾಕುವ ತಂತ್ರಾಂಶ ಖಾಲಿ ಜಾಗವನ್ನು ಸೊನ್ನೆ ಎಂದು ಓದಿತು. ಹೊರಗೆ ಬಾನು ಹರಿದಂತೆ ಮಳೆ, ಪರದೆಯ ಮೇಲೆ ‘ಮಳೆ ಇಲ್ಲ’. ಮಾಹಿತಿ ಇಲ್ಲದಿರುವುದೂ ಮಳೆ ಇಲ್ಲದಿರುವುದೂ ಬೇರೆಬೇರೆ ಸಂಗತಿಗಳು. ಕಂಟೇನರ್‌ಗಳ ಮೇಲೆ ಕಣ್ಣಿಡುವ ಕೆಲಸ ಅಲಂಕಾರವಲ್ಲ, ಲೆಕ್ಕದ ಸತ್ಯಾಸತ್ಯತೆಗೇ ಸಂಬಂಧಿಸಿದ್ದು ಎನ್ನಲು ಇದೇ ಕಾರಣ.

ಡಾಕರ್ ಮಾಡುವುದೇನು, ಮಾಡದಿರುವುದೇನು

ಡಾಕರ್‌ನಲ್ಲಿ ಎರಡು ಭಾಗಗಳಿವೆ. ಹಿನ್ನೆಲೆಯಲ್ಲಿ ಸದಾ ಎಚ್ಚರವಾಗಿರುವ ‘ಡೀಮನ್’ ಕಂಟೇನರ್‌ಗಳನ್ನು ಹುಟ್ಟಿಸುವ, ನಿಲ್ಲಿಸುವ, ಅಳಿಸುವ ಕೆಲಸ ಮಾಡುತ್ತದೆ. ಅದಕ್ಕೆ ಅಪ್ಪಣೆ ಕೊಡುವುದು ‘ಕ್ಲಯಂಟ್’. ಇವೆರಡರ ನಡುವಿನ ಮಾತುಕತೆ ನಡೆಯುವುದು ಜಾಲತಾಣಗಳು ಬಳಸುವ ಎಚ್‌ಟಿಟಿಪಿ ಭಾಷೆಯಲ್ಲೇ. ಸಾಮಾನ್ಯವಾಗಿ ಅದೇ ಗಣಕದೊಳಗಿನ ‘ಸಾಕೆಟ್’ ಎಂಬ ವಿಶೇಷ ಕಡತದ ಮೂಲಕ. ಎಚ್‌ಟಿಟಿಪಿ ಮಾತನಾಡಬಲ್ಲ ಯಾವುದೇ ತಂತ್ರಾಂಶವೂ ಡಾಕರ್‌ಗೆ ಅಪ್ಪಣೆ ಕೊಡಬಲ್ಲದು ಎಂಬುದು ಇದರ ಅರ್ಥ.

ಕಂಟೇನರ್‌ನೊಳಗಿನ ತಂತ್ರಾಂಶ ಸತ್ತುಹೋದರೆ ಡೀಮನ್ ಅದನ್ನು ಮತ್ತೆ ಎಬ್ಬಿಸುತ್ತದೆ. ಅದಕ್ಕಾಗಿ ‘ಮರುಆರಂಭದ ನೀತಿ’ಯನ್ನು ಮೊದಲೇ ಬರೆದಿಟ್ಟಿರಬೇಕು, ಅಷ್ಟೇ. ವಿದ್ಯುತ್ ಹೋಗಿ ಬಂದು ಗಣಕ ಮತ್ತೆ ಹೊತ್ತಿಕೊಂಡಾಗಲೂ ಇದೇ ನೀತಿ ಕೆಲಸಕ್ಕೆ ಬರುತ್ತದೆ. ಆದರೆ ತಂತ್ರಾಂಶ ಸಾಯದೆ ಸಿಕ್ಕಿಹಾಕಿಕೊಂಡರೆ? ಮಾಪಕದ ಉತ್ತರಕ್ಕಾಗಿ ಕೊನೆಯಿಲ್ಲದೆ ಕಾಯುತ್ತ ಕುಳಿತರೆ? ಡೀಮನ್‌ನ ಕಣ್ಣಿಗೆ ಅದು ‘ನಡೆಯುತ್ತಿದೆ’.

ಇದಕ್ಕೆಂದೇ ‘ಹೆಲ್ತ್‌ಚೆಕ್’ ಎಂಬ ಆರೋಗ್ಯ ತಪಾಸಣೆಯ ಸೌಲಭ್ಯವಿದೆ. ಬೇರೆ ಸೂಚನೆ ಕೊಡದಿದ್ದರೆ 30 ಸೆಕೆಂಡುಗಳಿಗೊಮ್ಮೆ ತಪಾಸಣೆ ನಡೆಯುತ್ತದೆ. ಸತತ ಮೂರು ಬಾರಿ ವಿಫಲವಾದರೆ ಆ ಕಂಟೇನರ್‌ಗೆ ‘ಅಸ್ವಸ್ಥ’ ಎಂಬ ಹಣೆಪಟ್ಟಿ ಬೀಳುತ್ತದೆ. ನಮ್ಮ ಉದಾಹರಣೆಯಲ್ಲಿ ತಪಾಸಣೆಯ ಪ್ರಶ್ನೆ ‘ತಂತ್ರಾಂಶ ಬದುಕಿದೆಯೇ’ ಎಂದಾಗಿರದೆ ‘ಕಳೆದ 20 ನಿಮಿಷಗಳಲ್ಲಿ ಒಂದಾದರೂ ಹೊಸ ಅಳತೆ ಬರೆದಿದೆಯೇ’ ಎಂದಾಗಿರಬೇಕು.

ಹೊಸಬರು ಎಡವುವುದು ಇಲ್ಲಿಯೇ. ಹಣೆಪಟ್ಟಿ ಬಿದ್ದ ಮಾತ್ರಕ್ಕೆ ಡಾಕರ್ ಆ ಕಂಟೇನರ್ ಅನ್ನು ಮರುಆರಂಭಿಸುವುದಿಲ್ಲ. ಹಲವು ಗಣಕಗಳನ್ನು ಒಗ್ಗೂಡಿಸುವ ‘ಸ್ವಾರ್ಮ್’ ಏರ್ಪಾಡಿನಲ್ಲಿ ಅಂಥ ವ್ಯವಸ್ಥೆಯುಂಟು. ಒಂಟಿ ಗಣಕದಲ್ಲಿ ಇಲ್ಲ. ಡೀಮನ್ ‘ಇದು ಅಸ್ವಸ್ಥವಾಯಿತು’ ಎಂಬ ಸುದ್ದಿಯನ್ನು ಬಿತ್ತರಿಸಿ ಸುಮ್ಮನಾಗುತ್ತದೆ. ಆ ಸುದ್ದಿಯನ್ನು ಕೇಳಿಸಿಕೊಂಡು ಏನಾದರೂ ಮಾಡುವವರು ಬೇಕು. ಆ ಕಾವಲುಗಾರನನ್ನು ನಾವೇ ಬರೆದುಕೊಳ್ಳಬೇಕಾಗುತ್ತದೆ.

ಅಸಮಕಾಲಿಕತೆ ಏಕೆ?

ತೋಟದ ರೈಟರ್ ಬೆಳಿಗ್ಗೆ ಹಾಜರಿ ತೆಗೆದುಕೊಂಡು ಆಳುಗಳನ್ನು ಬೇರೆಬೇರೆ ಕಡೆಗೆ ಕಳಿಸುತ್ತಾರೆ. ಒಬ್ಬರ ಚೀಲ ತುಂಬುವವರೆಗೆ ಅವರ ಪಕ್ಕದಲ್ಲೇ ನಿಂತು, ಬಳಿಕ ಎರಡನೆಯವರನ್ನು ಕೆಲಸಕ್ಕೆ ಹಚ್ಚುವ ರೈಟರ್ ಇದ್ದರೆ ಸಂಜೆಯಾದರೂ ಕಾಲುಭಾಗ ಕೊಯ್ಲು ಮುಗಿಯದು. ಡಾಕರ್ ಸಂಸ್ಥೆಯ ಅಧಿಕೃತ ಪೈಥಾನ್ ಗ್ರಂಥಾಲಯ ಈ ಎರಡನೆಯ ರೈಟರನಂತೆ. ‘ಈ ಕಂಟೇನರ್ ನಿಲ್ಲಿಸು’ ಎಂದರೆ ಅದು ನಿಲ್ಲುವವರೆಗೆ ಆ ಸಾಲಿನಿಂದ ಮುಂದಕ್ಕೆ ಹೋಗದು. ಕೆಲಸ ಒಂದೆರಡಾದರೆ ಇದರಲ್ಲಿ ದೋಷವೇನಿಲ್ಲ. ಓದಲು ಸುಲಭ, ತಪ್ಪು ಹುಡುಕಲೂ ಸುಲಭ.

ಕೆಲಸಗಳು ಹಲವಾದಾಗ ಬೇಕಾಗುವುದು ಅಸಮಕಾಲಿಕ ಪದ್ಧತಿ. ಪೈಥಾನ್ ಭಾಷೆಗೆ 2014ರ ಮಾರ್ಚ್‌ನಲ್ಲಿ ಬಂದ 3.4 ಆವೃತ್ತಿಯೊಡನೆ ‘ಅಸಿಂಕ್‌ಐಒ’ ಸೇರಿತು, 2015ರ 3.5 ಆವೃತ್ತಿಯಲ್ಲಿ ‘ಅಸಿಂಕ್’ ಮತ್ತು ‘ಅವೇಟ್’ ಎಂಬ ಪದಗಳು ಭಾಷೆಯ ಭಾಗವೇ ಆದವು. ‘ಅವೇಟ್’ ಎಂದು ಬರೆದ ಕಡೆ ತಂತ್ರಾಂಶವು ‘ಉತ್ತರ ಬರುವವರೆಗೆ ನಾನು ಬೇರೆ ಕೆಲಸ ನೋಡುತ್ತೇನೆ’ ಎಂದು ಪಕ್ಕಕ್ಕೆ ಸರಿಯುತ್ತದೆ. ಇಡೀ ವ್ಯವಸ್ಥೆಗೆ ಒಬ್ಬನೇ ರೈಟರ್. ಆತ ಎಲ್ಲಿಯೂ ಕೈಕಟ್ಟಿ ನಿಲ್ಲುವುದಿಲ್ಲ, ಅಷ್ಟೇ. ಲೆಕ್ಕಾಚಾರದ ಭಾರ ಹೆಚ್ಚಿರುವ ಕೆಲಸಕ್ಕೆ ಇದರಿಂದ ಲಾಭವಿಲ್ಲ. ಕಾಯುವುದೇ ಹೆಚ್ಚಿರುವ ಕೆಲಸಕ್ಕೆ ಇದು ಹೇಳಿ ಮಾಡಿಸಿದ್ದು, ಮತ್ತು ಕಂಟೇನರ್ ನಿರ್ವಹಣೆಯಲ್ಲಿ ಮುಕ್ಕಾಲುಪಾಲು ಕಾಯುವುದೇ.

ಲೆಕ್ಕ ನೋಡಿ. ಕಂಟೇನರ್ ನಿಲ್ಲಿಸುವಾಗ ಡೀಮನ್ ಮೊದಲು ಒಳಗಿನ ತಂತ್ರಾಂಶಕ್ಕೆ ‘ಮುಗಿಸಿಕೋ’ ಎಂಬ ಸಂಕೇತ ಕಳಿಸಿ 10 ಸೆಕೆಂಡು ಕಾಯುತ್ತದೆ. ಆಗಲೂ ಮುಗಿಸದಿದ್ದರೆ ಬಲವಂತವಾಗಿ ಕೊಲ್ಲುತ್ತದೆ. ಕಂಟೇನರ್‌ನೊಳಗೆ ಮೊದಲ ಪ್ರಕ್ರಿಯೆಯಾಗಿ ನಡೆಯುವ ತಂತ್ರಾಂಶ ಆ ಸಂಕೇತವನ್ನು ಗಮನಿಸುವಂತೆ ಬರೆದಿರದಿದ್ದರೆ ಅದು ಕಿವಿಗೇ ಬೀಳುವುದಿಲ್ಲವಾದ್ದರಿಂದ, ಪೂರ್ತಿ 10 ಸೆಕೆಂಡು ವ್ಯರ್ಥವಾಗುವುದು ಸಾಮಾನ್ಯ. ಇಪ್ಪತ್ತು ಕಂಟೇನರ್‌ಗಳನ್ನು ಒಂದಾದ ಮೇಲೊಂದರಂತೆ ನಿಲ್ಲಿಸಿದರೆ 200 ಸೆಕೆಂಡು, ಎಂದರೆ ಮೂರು ನಿಮಿಷಕ್ಕೂ ಮಿಗಿಲು. ಎಲ್ಲಕ್ಕೂ ಒಟ್ಟಿಗೆ ಅಪ್ಪಣೆ ಕೊಟ್ಟರೆ ಸುಮಾರು 10 ಸೆಕೆಂಡು. ವಿದ್ಯುತ್ ಹೋಗಿ, ಯುಪಿಎಸ್‌ನ ಬ್ಯಾಟರಿ ಕೊನೆಯುಸಿರೆಳೆಯುತ್ತಿರುವಾಗ ಈ ವ್ಯತ್ಯಾಸದ ಬೆಲೆ ತಿಳಿಯುತ್ತದೆ. ಜುಲೈ ತಿಂಗಳಲ್ಲಿ ಮರ ಬಿದ್ದು ದಿನಗಟ್ಟಲೆ ವಿದ್ಯುತ್ ಇಲ್ಲದಿರುವುದನ್ನು ಕಂಡ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎಐಒಡಾಕರ್: ಬಳಕೆಯ ಕ್ರಮ

ಡಾಕರ್‌ಗಾಗಿ ಪೈಥಾನ್‌ನಲ್ಲಿ ಬಳಕೆಯಲ್ಲಿರುವ ಅಸಮಕಾಲಿಕ ಕ್ಲಯಂಟ್ ಗ್ರಂಥಾಲಯದ ಹೆಸರು ‘ಎಐಒಡಾಕರ್’. ‘ಅಸಿಂಕ್‌ಐಒ’ ಮತ್ತು ‘ಎಐಒಎಚ್‌ಟಿಟಿಪಿ’ಗಳ ಮೇಲೆ ಕಟ್ಟಿದ, ಡೀಮನ್‌ನ ಎಚ್‌ಟಿಟಿಪಿ ಮಾತುಗಳಿಗೆ ಹೊದಿಸಿದ ತೆಳುವಾದ ಹೊದಿಕೆ ಇದು. ಮುಕ್ತ ತಂತ್ರಾಂಶ, ಪೈಥಾನ್‌ನ ‘ಪಿಪ್’ ಸಾಧನದಿಂದ ಉಚಿತವಾಗಿ ಪಡೆಯಬಹುದು.

ಮೊದಲು ‘ಡಾಕರ್’ ಎಂಬ ವಸ್ತುವನ್ನು ಸೃಷ್ಟಿಸಬೇಕು. ಬೇರೆ ವಿಳಾಸ ಕೊಡದಿದ್ದರೆ ಅದು ಸ್ಥಳೀಯ ಸಾಕೆಟ್ ಅನ್ನು ತಾನೇ ಹುಡುಕಿಕೊಳ್ಳುತ್ತದೆ. ಕೆಲಸ ಮುಗಿದಾಗ ಇದನ್ನು ತಪ್ಪದೆ ಮುಚ್ಚಬೇಕು. ಮರೆತರೆ ಸಂಪರ್ಕ ತೆರೆದೇ ಉಳಿಯಿತೆಂಬ ಎಚ್ಚರಿಕೆ ಬರುತ್ತದೆ. ಇದರ ‘ಕಂಟೇನರ್ಸ್’ ಭಾಗದಿಂದ ಪಟ್ಟಿ ಪಡೆಯಬಹುದು, ಹೊಸದನ್ನು ನಿರ್ಮಿಸಬಹುದು. ‘ಕ್ರಿಯೇಟ್ ಆರ್ ರಿಪ್ಲೇಸ್’ ಎಂಬ ವಿಧಾನ ವಿಶೇಷವಾಗಿ ಅನುಕೂಲಕರ: ಅದೇ ಹೆಸರಿನ ಕಂಟೇನರ್ ಇದ್ದು ಅದರ ವಿವರ ಬೇರೆಯಾಗಿದ್ದರೆ ಹಳೆಯದನ್ನು ತೆಗೆದು ಹೊಸದನ್ನು ನಿಲ್ಲಿಸುತ್ತದೆ. ವಿವರವನ್ನು ಡಾಕರ್‌ನ ಮೂಲ ಎಪಿಐ ಬಯಸುವ ರೂಪದಲ್ಲೇ ಕೊಡಬೇಕಾದ್ದರಿಂದ ಡಾಕರ್‌ನ ಎಪಿಐ ಕೈಪಿಡಿಯನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳುವುದು ಒಳಿತು. ಗ್ರಂಥಾಲಯದ ಸ್ವಂತ ಕೈಪಿಡಿ ಬಹಳ ಚುಟುಕು. ಇದನ್ನು ಕೊರತೆ ಎಂದೇ ಹೇಳಬೇಕು.

ಕಾವಲುಗಾರನಿಗೆ ಮುಖ್ಯವಾದದ್ದು ‘ಈವೆಂಟ್ಸ್’ ಭಾಗ. ಇದಕ್ಕೆ ಚಂದಾದಾರರಾದರೆ ಡೀಮನ್ ಬಿತ್ತರಿಸುವ ಪ್ರತಿ ಸುದ್ದಿಯೂ, ಅಂದರೆ ಕಂಟೇನರ್ ಹುಟ್ಟಿತು, ಸತ್ತಿತು, ಅಸ್ವಸ್ಥವಾಯಿತು ಎಂಬುದೆಲ್ಲ, ಬಂದಂತೆಲ್ಲ ಕೈಸೇರುತ್ತದೆ. ಅಸ್ವಸ್ಥತೆಯ ಸುದ್ದಿ ಬಂದಾಗ ಮಾಡಬೇಕಾದದ್ದು ಇಷ್ಟು: ಆ ಕಂಟೇನರ್‌ನ ದಾಖಲೆಯ ಕೊನೆಯ ಇನ್ನೂರು ಸಾಲುಗಳನ್ನು ಓದಿ ಬೇರೆಡೆ ಉಳಿಸುವುದು, ಬಳಿಕ ಮರುಆರಂಭಿಸುವುದು, ಆ ಅವಧಿಯ ಅಳತೆಯನ್ನು ಸೊನ್ನೆ ಎನ್ನದೆ ‘ಲಭ್ಯವಿಲ್ಲ’ ಎಂದು ಗುರುತಿಸುವುದು. ಮೊದಲನೆಯದನ್ನು ಬಿಟ್ಟು ಎರಡನೆಯದನ್ನಷ್ಟೇ ಮಾಡುವವರು ಬಹಳ. ಕಂಟೇನರ್ ಎದ್ದು ಕೂರುತ್ತದೆ, ಬಿದ್ದದ್ದೇಕೆಂಬುದು ಎಂದಿಗೂ ತಿಳಿಯುವುದಿಲ್ಲ. ಗಂಟೆಯೊಂದರಲ್ಲಿ ಮೂರು ಬಾರಿ ಬಿದ್ದ ಕಂಟೇನರ್ ಅನ್ನು ನಾಲ್ಕನೆಯ ಬಾರಿ ಎಬ್ಬಿಸದೆ ಮನುಷ್ಯರಿಗೆ ಸಂದೇಶ ಕಳಿಸುವುದು ಲೇಸು. ಮಾಪಕವೇ ಮಣ್ಣಿನಡಿ ಹೋಗಿದ್ದರೆ ಮರುಆರಂಭದಿಂದ ಪ್ರಯೋಜನವೇನು?

ಈ ಮೂರು ಕೆಲಸಗಳನ್ನು ಸುದ್ದಿ ಕೇಳುವ ಕುಣಿಕೆಯೊಳಗೇ ಮಾಡಕೂಡದು. ಒಂದರ ಆರೈಕೆ ಮುಗಿಯುವವರೆಗೆ ಇನ್ನೊಂದರ ಸುದ್ದಿ ಕಾದು ಕೂರುತ್ತದೆ, ಅಸಮಕಾಲಿಕ ಪದ್ಧತಿಯ ಉದ್ದೇಶವೇ ಹಾಳು. ಪ್ರತಿ ಆರೈಕೆಯನ್ನೂ ಪ್ರತ್ಯೇಕ ‘ಟಾಸ್ಕ್’ ಆಗಿ ಬಿಡಬೇಕು. ಹಾಗೆ ಬಿಟ್ಟ ಟಾಸ್ಕ್‌ನ ಗುರುತನ್ನು ಎಲ್ಲಾದರೂ ಇಟ್ಟುಕೊಂಡಿರಬೇಕೆಂಬುದು ಪೈಥಾನ್ ಕೈಪಿಡಿಯೇ ಹೇಳುವ ಎಚ್ಚರಿಕೆ. ಇಲ್ಲವಾದರೆ ಕಸ ಗುಡಿಸುವ ವ್ಯವಸ್ಥೆ ಅದನ್ನು ಅರ್ಧದಲ್ಲೇ ಗುಡಿಸಿಹಾಕಬಹುದು. 2022ರಲ್ಲಿ ಬಂದ 3.11 ಆವೃತ್ತಿಯ ‘ಟಾಸ್ಕ್‌ಗ್ರೂಪ್’ ಬಳಸಿದರೆ ಈ ಚಿಂತೆಯಿಲ್ಲ. ಆದರೆ ಗುಂಪಿನ ಒಂದು ಕೆಲಸದಲ್ಲಿ ಹಿಡಿಯದೆ ಬಿಟ್ಟ ತಪ್ಪು ಉಳಿದ ಕೆಲಸಗಳನ್ನೂ ರದ್ದುಗೊಳಿಸುತ್ತದೆ ಎಂಬುದು ನೆನಪಿರಲಿ.

ಇನ್ನೊಂದು ಸಾಮಾನ್ಯ ತಪ್ಪು: ಅಸಮಕಾಲಿಕ ತಂತ್ರಾಂಶದ ನಡುವೆ ಹಳೆಯ ಅಭ್ಯಾಸದಂತೆ ‘ಟೈಮ್’ ಭಾಗದ ‘ಸ್ಲೀಪ್’ ಬರೆಯುವುದು. ಹತ್ತು ಸೆಕೆಂಡು ಮಲಗು ಎಂದರೆ ಇಡೀ ಕಾವಲು ವ್ಯವಸ್ಥೆಯೇ ಹತ್ತು ಸೆಕೆಂಡು ಮಲಗುತ್ತದೆ. ಅಸಿಂಕ್‌ಐಒದ್ದೇ ‘ಸ್ಲೀಪ್’ ಬಳಸಿ ‘ಅವೇಟ್’ ಮಾಡಬೇಕು.

ಸಂಪರ್ಕ ಕಡಿದಾಗ

ಮಡಿಕೇರಿಯಿಂದ ಬೆಂಗಳೂರಿಗೆ ಸುಮಾರು 260 ಕಿ.ಮೀ. ದೂರ. ಕಾವಲು ತಂತ್ರಾಂಶವನ್ನು ಬೆಂಗಳೂರಿನಲ್ಲಿಟ್ಟು ಮಡಿಕೇರಿಯ ಗಣಕವನ್ನು ಅಂತರಜಾಲದ ಮೂಲಕ ನೋಡಿಕೊಂಡರಾಗದೇ ಎಂಬ ಪ್ರಶ್ನೆ ಸಹಜ. ಆಗುತ್ತದೆ, ಬೇಸಿಗೆಯಲ್ಲಿ.

ಸಂಪರ್ಕ ಕಡಿದಾಗ ಡಾಕರ್‌ನ ಎಲ್ಲ ಕೆಲಸಗಳೂ ಒಂದೇ ರೀತಿ ವರ್ತಿಸುವುದಿಲ್ಲ ಎಂಬುದನ್ನು ತಿಳಿದಿರಬೇಕು. ಆರಂಭಗೊಂಡ ಕಂಟೇನರ್ ಕ್ಲಯಂಟ್ ಹೋದರೂ ತನ್ನ ಪಾಡಿಗೆ ನಡೆಯುತ್ತದೆ. ಆದರೆ ‘ಪುಲ್’, ಅಂದರೆ ಕಂಟೇನರ್‌ಗೆ ಬೇಕಾದ ‘ಇಮೇಜ್’ ಕಟ್ಟನ್ನು ಜಾಲದಿಂದ ಇಳಿಸಿಕೊಳ್ಳುವ ಕೆಲಸ, ಅಪ್ಪಣೆ ಕೊಟ್ಟ ಕ್ಲಯಂಟ್‌ನ ಸಂಪರ್ಕ ಹೋದೊಡನೆ ರದ್ದಾಗುತ್ತದೆ. ಇಮೇಜ್ ನಿರ್ಮಾಣವೂ ಹಾಗೆಯೇ. ಇಮೇಜ್ ಪದರಪದರವಾಗಿರುವುದರಿಂದ ಈಗಾಗಲೇ ಇರುವ ಪದರಗಳನ್ನು ಡಾಕರ್ ಮತ್ತೆ ತರಿಸುವುದಿಲ್ಲ ಎಂಬುದೊಂದು ಸಮಾಧಾನ. ಹೀಗಾಗಿ ಕಾವಲುಗಾರ ಇರಬೇಕಾದದ್ದು ಗಣಕದ ಪಕ್ಕದಲ್ಲಿ, ಅದೇ ಯಂತ್ರದೊಳಗೆ. ಘಟ್ಟದಾಚೆ ಕುಳಿತವರಿಗೆ ವರದಿ ಹೋದರೆ ಸಾಕು.

ಪಕ್ಕದಲ್ಲಿದ್ದರೂ ಡೀಮನ್ ಮರುಆರಂಭಗೊಂಡಾಗ ಸುದ್ದಿಯ ಹರಿವು ಕಡಿಯುತ್ತದೆ. ನಡುವೆ ತಪ್ಪಿಹೋದ ಸುದ್ದಿಗಳನ್ನು ಇಂತಿಷ್ಟು ಹೊತ್ತಿನಿಂದ ಕೊಡು ಎಂದು ಕೇಳಬಹುದಾದರೂ ಡೀಮನ್ ನೆನಪಿಟ್ಟುಕೊಳ್ಳುವುದು ಮಿತ ಸಂಖ್ಯೆಯ ಸುದ್ದಿಗಳನ್ನಷ್ಟೇ. ಸುರಕ್ಷಿತ ಕ್ರಮವೆಂದರೆ ಮತ್ತೆ ಸಂಪರ್ಕ ಸಿಕ್ಕಾಗಲೆಲ್ಲ ಮೊದಲು ಸುದ್ದಿಗೆ ಚಂದಾದಾರರಾಗುವುದು, ಆಮೇಲೆ ಎಲ್ಲ ಕಂಟೇನರ್‌ಗಳ ಪಟ್ಟಿಯನ್ನು ಹೊಸದಾಗಿ ಪಡೆದು ಒಂದೊಂದರ ಸ್ಥಿತಿ ನೋಡುವುದು. ಈ ಕ್ರಮ ತಲೆಕೆಳಗಾದರೆ ಪಟ್ಟಿ ಪಡೆದದ್ದಕ್ಕೂ ಚಂದಾದಾರರಾದದ್ದಕ್ಕೂ ನಡುವಣ ಕ್ಷಣದಲ್ಲಿ ಬಿದ್ದ ಕಂಟೇನರ್ ಯಾರ ಕಣ್ಣಿಗೂ ಬೀಳದು.

ಬೀಗದ ಕೈ

ಸಾಕೆಟ್ ಅನ್ನು ಮುಟ್ಟಬಲ್ಲವರು ಆ ಗಣಕದ ಪೂರ್ಣ ಒಡೆಯರು. ಇದು ಉತ್ಪ್ರೇಕ್ಷೆಯಲ್ಲ, ಗಣಕದ ಇಡೀ ಕಡತ ವ್ಯವಸ್ಥೆಯನ್ನೇ ಒಳಗೆ ತೋರಿಸುವ ಕಂಟೇನರ್ ಒಂದನ್ನು ಅವರು ನಿರ್ಮಿಸಬಲ್ಲರು. ಕಾವಲು ತಂತ್ರಾಂಶವನ್ನೇ ಕಂಟೇನರ್‌ನಲ್ಲಿಟ್ಟು ಅದಕ್ಕೆ ಸಾಕೆಟ್ ಕೊಡುವ ರೂಢಿಯಿದೆ. ಹಾಗೆ ಕೊಟ್ಟರೆ ಆ ಲೈನ್‌ಮನೆಗೆ ಎಲ್ಲ ಮನೆಗಳ ಬೀಗದ ಕೈ ಕೊಟ್ಟಂತೆಯೇ. ದೂರದಿಂದ ನಿರ್ವಹಿಸುವ ಅನುಕೂಲಕ್ಕೆಂದು 2375ನೆಯ ಪೋರ್ಟ್ ಅನ್ನು ಅಂತರಜಾಲಕ್ಕೆ ತೆರೆದಿಡುವವರಿದ್ದಾರೆ. ಅಲ್ಲಿ ಗೂಢಲಿಪಿಯೂ ಇಲ್ಲ, ಗುರುತಿನ ಪರೀಕ್ಷೆಯೂ ಇಲ್ಲ. ಇಂಥ ಗಣಕಗಳನ್ನು ಹುಡುಕಿ ನಾಣ್ಯ ಗಣಿಗಾರಿಕೆಯ ತಂತ್ರಾಂಶ ತುಂಬುವ ಕಳ್ಳರು ಸದಾ ಗಸ್ತಿನಲ್ಲಿರುತ್ತಾರೆ. ದೂರದಿಂದ ನೋಡಲೇಬೇಕಾದರೆ ಪ್ರಮಾಣಪತ್ರ ಕೇಳುವ 2376ನೆಯ ಪೋರ್ಟ್ ಅಥವಾ ಎಸ್‌ಎಸ್‌ಎಚ್ ಸುರಂಗವನ್ನು ಬಳಸತಕ್ಕದ್ದು.

ಬಿಡಿ ಸೂಚನೆಗಳು

ಡಾಕರ್‌ನ ಸ್ವಾಭಾವಿಕ ದಾಖಲೆ ಕಡತಕ್ಕೆ ಗಾತ್ರದ ಮಿತಿ ಇರುವುದಿಲ್ಲ. ಹದಿನೈದು ನಿಮಿಷಕ್ಕೊಂದು ಸಾಲಾದರೆ ಚಿಂತೆಯಿಲ್ಲ. ಸಂಪರ್ಕ ಸಿಗದ ತಂತ್ರಾಂಶ ಸೆಕೆಂಡಿಗೆ ಹತ್ತು ಬಾರಿ ಗೋಳಿಟ್ಟರೆ ಚಿಕ್ಕ ಡಿಸ್ಕ್ ತುಂಬಿ ಇಪ್ಪತ್ತೂ ಕಂಟೇನರ್‌ಗಳು ಒಟ್ಟಿಗೆ ನಿಲ್ಲುತ್ತವೆ. ಗರಿಷ್ಠ ಗಾತ್ರವನ್ನು ಮೊದಲೇ ನಿಗದಿ ಮಾಡಿ. ಅಳತೆಗಳನ್ನು ಕಂಟೇನರ್‌ನೊಳಗೆ ಇಡದೆ ಹೊರಗಿನ ‘ವಾಲ್ಯೂಮ್’ನಲ್ಲಿಡಿ, ಇಲ್ಲವಾದರೆ ಕಂಟೇನರ್ ಅಳಿಸಿದ ದಿನ ಲೆಕ್ಕವೂ ಅಳಿಯುತ್ತದೆ.

ಸತ್ತ ಕಂಟೇನರ್‌ನ ನಿರ್ಗಮನ ಸಂಖ್ಯೆ 137 ಆಗಿದ್ದರೆ ಅದನ್ನು ಬಲವಂತವಾಗಿ ಕೊಲ್ಲಲಾಗಿದೆ ಎಂದರ್ಥ; ನೀವು ಕೊಲ್ಲಿಸಿಲ್ಲವಾದರೆ ಸ್ಮರಣೆ ಸಾಲದೆ ಕರ್ನೆಲ್ಲೇ ಕೊಂದಿರುವ ಸಂಭವ ಹೆಚ್ಚು. ರಾಸ್ಪ್‌ಬೆರಿ ಪೈ ಮಾದರಿಯ ಅಗ್ಗದ ಗಣಕ ಬಳಸುವವರು ಇಮೇಜ್ ಆ ಪ್ರೊಸೆಸರ್‌ಗೆಂದು ಕಟ್ಟಿದ್ದೇ ಎಂದು ನೋಡಿಕೊಳ್ಳಬೇಕು. ಬೆಂಗಳೂರಿನ ಲ್ಯಾಪ್‌ಟಾಪ್‌ನಲ್ಲಿ ಕಟ್ಟಿ ತಂದದ್ದು ಇಲ್ಲಿ ನಡೆಯದಿರಬಹುದು.

ಡಾಕರ್ ಎಂಜಿನ್ ಅನ್ನು ಹೊಸ ಆವೃತ್ತಿಗೆ ಏರಿಸುವಾಗ ಎಐಒಡಾಕರ್ ಅನ್ನೂ ಜೊತೆಯಲ್ಲೇ ಏರಿಸಿ ಪರೀಕ್ಷಿಸಬೇಕು. ಹೊಸ ಡೀಮನ್‌ಗಳು ತೀರ ಹಳೆಯ ಎಪಿಐ ಆವೃತ್ತಿಯಲ್ಲಿ ಮಾತನಾಡುವ ಕ್ಲಯಂಟ್‌ಗಳನ್ನು ನಿರಾಕರಿಸುತ್ತವೆ. ಈ ಕೆಲಸವನ್ನು ಏಪ್ರಿಲ್-ಮೇ ತಿಂಗಳೊಳಗೆ ಮುಗಿಸಿ, ಒಂದೆರಡು ಕಂಟೇನರ್‌ಗಳನ್ನು ಬೇಕೆಂದೇ ಕೆಡಿಸಿ ಕಾವಲುಗಾರ ಎಚ್ಚರವಾಗಿದ್ದಾನೆಯೇ ಎಂದು ನೋಡಿ, ಆಮೇಲೆ ಸೆಪ್ಟೆಂಬರ್‌ವರೆಗೆ ಯಾವುದನ್ನೂ ಮುಟ್ಟದಿರುವುದು ಕ್ಷೇಮ.